ಮುಚ್ಚಿದ ನಾಳದೊಳಗೆ ಬೆಲೂನು ಮಾಡುವ ಕೆಲಸವೇನು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ವಾಡಿಕೆಯಾಗಿ ಚರ್ಚಿಸುವುದು ಮಜೂರಿ, ಬೋನಸ್ಸು, ಪೇಟೆಯ ಧಾರಣೆ, ತೆರಿಗೆ ಇಂಥ ವಿಷಯಗಳನ್ನು. ಇವತ್ತು ಕಾಲಿನ ವಿಷಯ ಮಾತನಾಡುತ್ತೇವೆ. ಇದು ಬೇರೆ ವಿಷಯವೆಂದು ಯಾರೂ ತಿಳಿಯಬೇಕಾಗಿಲ್ಲ. ಮಗ್ಗದ ಮುಂದೆ ಎಂಟು ಗಂಟೆ ನಿಲ್ಲುವವನಿಗೆ ಕಾಲೇ ಬಂಡವಾಳ. ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗುವ ವ್ಯಾಪಾರಿಗೂ ಕಾಲೇ ಬಂಡವಾಳ. ಅದು ಹೋದ ದಿನ ಕೂಲಿಯೂ ಹೋಯಿತು, ವ್ಯಾಪಾರವೂ ಹೋಯಿತು, ಮಕ್ಕಳ ಶಾಲೆಯೂ ನಿಂತಿತು.

ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬೆಲೂನು ಚಿಕಿತ್ಸೆ ಮಾಡುತ್ತಾರೆ. ವೈದ್ಯರು ಇದಕ್ಕೆ ಆಂಜಿಯೋಪ್ಲಾಸ್ಟಿ ಎನ್ನುತ್ತಾರೆ. ನಮ್ಮ ಜನ ಹೇಳುವ ಮಾತು, "ಬೆಲೂನು ಹಾಕಿ ಬ್ಲಾಕ್ ತೆಗೆದರು" ಎಂದು. ನಾವು ಕೇಳುವ ಪ್ರಶ್ನೆ ಒಂದೇ: ತೆಗೆದು ಎಲ್ಲಿಗೆ ಹಾಕಿದರು? ಹೊರಕ್ಕೆ ಬಂದದ್ದು ಏನು? ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಹೊರಕ್ಕೆ ಬಂದದ್ದು ಏನೂ ಇಲ್ಲ. ಹಾಗಾದರೆ ದಾರಿ ಬಿಟ್ಟದ್ದು ಹೇಗೆ? ವೈದ್ಯರು ಬಹಳ ವರ್ಷ ಇದಕ್ಕೆ ಕೊಡುತ್ತಿದ್ದ ವಿವರಣೆ ಬಹುಮಟ್ಟಿಗೆ ತಪ್ಪಾಗಿತ್ತು. ಅದನ್ನು ಸರಿಪಡಿಸಿದ್ದು ಕಿವಿಗೆ ಕೇಳಿಸದ ಒಂದು ಶಬ್ದ. ಈ ಕಥೆಯನ್ನು ತಿಳಿದರೆ ಚಿಕಿತ್ಸೆಯ ಆಮೇಲೆ ರೋಗಿ ಏಕೆ ಎಚ್ಚರವಾಗಿರಬೇಕೆಂಬುದು ತಾನಾಗಿ ತಿಳಿಯುತ್ತದೆ.

ನಾಳ ಕಟ್ಟಿಕೊಳ್ಳುವ ಬಗೆ

ಹೃದಯದಿಂದ ಹೊರಟ ಹೆದ್ದಾರಿಯಂಥ ನಾಳವು ಹೊಕ್ಕುಳಿನ ಹತ್ತಿರ ಎರಡಾಗಿ ಒಡೆಯುತ್ತದೆ. ಒಂದೊಂದು ಕವಲು ಒಂದೊಂದು ಕಾಲಿಗೆ. ತೊಡೆಸಂದಿನಲ್ಲಿ ಬೆರಳಿಟ್ಟರೆ ಅದರ ಬಡಿತ ಸಿಗುತ್ತದೆ. ತೊಡೆಯಲ್ಲಿ ಇಳಿದು, ಮಂಡಿಯ ಹಿಂಭಾಗದಲ್ಲಿ ಹಾದು, ಮೀನಖಂಡದಲ್ಲಿ ಮೂರು ಕವಲಾಗಿ ಪಾದಕ್ಕೆ ಹೋಗುತ್ತದೆ. ತೊಡೆಯಲ್ಲಿ ಈ ನಾಳದ ಅಡ್ಡಳತೆ ಸುಮಾರು ೫ರಿಂದ ೬ ಮಿಲಿಮೀಟರು. ಮೀನಖಂಡದ ಕವಲುಗಳದು ೨ರಿಂದ ೩ ಮಿಲಿಮೀಟರು ಮಾತ್ರ.

ನಾಳದ ಗೋಡೆಗೆ ಮೂರು ಪದರ. ಒಳಗೆ ರೇಷ್ಮೆಯಂತೆ ನುಣುಪಾದ ಪದರ. ನಡುವೆ ಹಿಗ್ಗಿ ಕುಗ್ಗುವ ಸ್ನಾಯುವಿನ ಪದರ. ಹೊರಗೆ ಗಟ್ಟಿ ಚೀಲದಂಥ ಪದರ. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಬ್ಬು ಇವುಗಳಿಂದ ಒಳಪದರಕ್ಕೆ ಪೆಟ್ಟಾಗುತ್ತದೆ. ಪೆಟ್ಟಾದಲ್ಲಿ ಕೊಬ್ಬು ಸೇರುತ್ತದೆ, ನಾರು ಬೆಳೆಯುತ್ತದೆ, ವರ್ಷಗಳು ಕಳೆದಂತೆ ಸುಣ್ಣವೂ ಕಟ್ಟುತ್ತದೆ. ಇದನ್ನು ನಾವು ಗಸಿ ಎಂದು ಕರೆಯೋಣ. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. ಬಾಯ್ಲರಿನ ಕೊಳವೆಯಲ್ಲಿ ಕಟ್ಟುವ ಕಿಟ್ಟ ಮೇಲ್ಮೈಯಲ್ಲಿರುತ್ತದೆ, ಕೆರೆದರೆ ಬರುತ್ತದೆ. ನಾಳದ ಗಸಿ ಗೋಡೆಯ ಪದರಗಳ ನಡುವೆಯೇ ಬೆಳೆಯುತ್ತದೆ. ಗೋಡೆಯೂ ಗಸಿಯೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ.

ದಾರಿ ಸ್ವಲ್ಪ ಕಿರಿದಾದರೆ ಏನು ಮಹಾ ಎನ್ನುವಂತಿಲ್ಲ. ಪ್ವಾಸಾಯ್ ಎಂಬ ಫ್ರೆಂಚ್ ವೈದ್ಯ ೧೮೪೦ರ ಸುಮಾರಿನಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಯುವುದನ್ನು ಅಳೆದು ಒಂದು ನಿಯಮ ಕಂಡುಹಿಡಿದ. ಒತ್ತಡ ಅಷ್ಟೇ ಇದ್ದು ಕೊಳವೆಯ ಅಡ್ಡಳತೆ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೇಹದಲ್ಲಿ ಬಳಸುದಾರಿಯ ಸಣ್ಣ ನಾಳಗಳು ದೊಡ್ಡದಾಗಿ ಸ್ವಲ್ಪ ಕೈಹಿಡಿಯುತ್ತವೆಂಬುದು ನಿಜ. ಆದಾಗ್ಯೂ ಲೆಕ್ಕದ ದಿಕ್ಕು ಇದೇ.

ಈ ಕೊರತೆಯನ್ನು ಕಾಲು ಮೊದಲು ಹೇಳುವುದು ನಡಿಗೆಯಲ್ಲಿ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವು ನಿಮಿಷದಲ್ಲಿ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಇದು ವಾಯುವಲ್ಲ, ವಯಸ್ಸೂ ಅಲ್ಲ. ಸ್ನಾಯು ರಕ್ತ ಸಾಲದೆಂದು ಕೂಗುವ ಕೂಗು. ರೋಗ ಮುಂದುವರಿದರೆ ಮಲಗಿದಾಗಲೂ ಪಾದ ನೋಯುತ್ತದೆ. ಮಂಚದಿಂದ ಕಾಲನ್ನು ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯೆನಿಸುತ್ತದೆ. ಅದರಾಚೆಗೆ ಮಾಯದ ಹುಣ್ಣು, ಕಪ್ಪಾಗುವ ಬೆರಳು, ಕಡೆಗೆ ಕೊಯ್ಯುವ ಗರಗಸ.

ಕೊಯ್ಯದೆ ದಾರಿ ಬಿಡಿಸಿದವರು

ಅಮೆರಿಕದ ಆರೆಗಾನ್ ಪ್ರಾಂತದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣ ವೈದ್ಯನಿದ್ದ. ೧೯೬೪ರ ಜನವರಿ ೧೬ರಂದು ಅವನ ಮುಂದೆ ೮೨ ವರ್ಷದ ಒಬ್ಬ ಮುದುಕಿಯನ್ನು ಮಲಗಿಸಿದರು. ಕಾಲ್ಬೆರಳು ಕೊಳೆಯತೊಡಗಿತ್ತು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದ್ದರು. ಆಕೆ ಸುತರಾಂ ಒಪ್ಪಿರಲಿಲ್ಲ. ತೊಡೆಯ ನಾಳದಲ್ಲಿ ಒಂದು ಕಡೆ ದಾರಿ ಬಹಳ ಕಿರಿದಾಗಿರುವುದು ಕ್ಷಕಿರಣದಲ್ಲಿ ಕಾಣುತ್ತಿತ್ತು. ಡಾಟರ್ ಸಣ್ಣ ತೂತಿನಿಂದ ತೆಳುವಾದ ತಂತಿಯನ್ನು ಒಳಬಿಟ್ಟು, ತಂತಿಯ ಮೇಲೆ ಟೆಫ್ಲಾನಿನ ಕೊಳವೆಯನ್ನು, ಅದರ ಮೇಲೆ ಅದಕ್ಕಿಂತ ದಪ್ಪದ ಕೊಳವೆಯನ್ನು ನೂಕಿ ದಾರಿಯನ್ನು ಅಗಲಿಸಿದ. ಪಾದ ಬೆಚ್ಚಗಾಯಿತು, ನೋವು ಹೋಯಿತು. ಆ ತಾಯಿ ಮುಂದೆ ಬದುಕಿದ್ದಷ್ಟು ಕಾಲವೂ ತನ್ನ ಎರಡು ಕಾಲಿನ ಮೇಲೆಯೇ ನಡೆದಾಡಿದಳು. ಡಾಟರ್ ಮತ್ತು ಅವನ ಜೊತೆಗಾರ ಮೆಲ್ವಿನ್ ಜಡ್ಕಿನ್ಸ್ ಅದೇ ವರ್ಷ ಇದನ್ನು ಬರೆದು ಪ್ರಕಟಿಸಿದರು. ಅಮೆರಿಕದ ಶಸ್ತ್ರವೈದ್ಯರು ಬಹಳ ಕಾಲ ಇದಕ್ಕೆ ಸೊಪ್ಪು ಹಾಕಲಿಲ್ಲ. ಕೈಹಿಡಿದವರು ಯೂರೋಪಿನವರು.

ಒಂದರ ಮೇಲೊಂದು ದಪ್ಪ ಕೊಳವೆ ನೂಕುವುದರಲ್ಲಿ ಒಂದು ತೊಡಕಿತ್ತು. ನಾಳ ಎಷ್ಟು ಅಗಲವಾಗಬೇಕೋ ಅಷ್ಟೇ ದೊಡ್ಡ ತೂತನ್ನು ಚರ್ಮದಲ್ಲೂ ಮಾಡಬೇಕಾಗುತ್ತಿತ್ತು. ಇದಕ್ಕೆ ಉಪಾಯ ಕಂಡವನು ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ದುಡಿಯುತ್ತಿದ್ದ ಆಂಡ್ರಿಯಾಸ್ ಗ್ರುಂಟ್ಸಿಗ್. ಕೊಳವೆ ಸಣ್ಣದಾಗಿ ಒಳಹೋಗಲಿ, ಜಾಗ ತಲಪಿದ ಮೇಲೆ ಅದರ ತುದಿಯ ಬೆಲೂನು ಹಿಗ್ಗಲಿ, ಕೆಲಸ ಮುಗಿದ ಮೇಲೆ ಮತ್ತೆ ಸಣ್ಣದಾಗಿ ಹೊರಬರಲಿ ಎಂಬುದು ಅವನ ಯೋಚನೆ. ರಬ್ಬರಿನ ಬೆಲೂನು ಆಗದು. ಗಟ್ಟಿಯಿದ್ದ ಕಡೆ ಹಿಗ್ಗದೆ ಮೆತ್ತಗಿದ್ದ ಕಡೆಗೆ ಉಬ್ಬಿಬಿಡುತ್ತದೆ. ಹೇಳಿದ ಅಳತೆಗೆ ಹಿಗ್ಗಿ ಅಲ್ಲಿಗೇ ನಿಲ್ಲುವ ಬೆಲೂನು ಬೇಕು. ಗ್ರುಂಟ್ಸಿಗ್, ಅವನ ಹೆಂಡತಿ, ಅವನ ಸಹಾಯಕಿ ಮತ್ತು ಆಕೆಯ ಗಂಡ ರಾತ್ರಿ ಹೊತ್ತು ಮನೆಯ ಅಡುಗೆಮನೆಯ ಮೇಜಿನ ಮೇಲೆ ಪಿ.ವಿ.ಸಿ. ಕೊಳವೆಯನ್ನು ಕಾಯಿಸಿ, ಊದಿ, ಅಂಟಿಸಿ ಅಂಥ ಬೆಲೂನು ತಯಾರಿಸಿದರು. ೧೯೭೪ರ ಫೆಬ್ರವರಿಯಲ್ಲಿ ಅದನ್ನು ಮೊದಲು ಬಳಸಿದ್ದು ಕಾಲಿನ ನಾಳದಲ್ಲಿ. ಹೃದಯದ ನಾಳಕ್ಕೆ ಬಳಸಿದ್ದು ಆಮೇಲೆ, ೧೯೭೭ರ ಸೆಪ್ಟೆಂಬರ್ ೧೬ರಂದು. ಹೃದಯದ ಚಿಕಿತ್ಸೆ ಲೋಕಪ್ರಸಿದ್ಧವಾಯಿತು. ಅದು ಕಾಲಿನಲ್ಲಿ ಕಲಿತ ಪಾಠವೆಂಬುದನ್ನು ಬಹಳ ಜನ ಮರೆತರು.

ಈ ಬೆಲೂನಿಗೆ ತುಂಬುವುದು ಗಾಳಿಯನ್ನಲ್ಲ, ಕ್ಷಕಿರಣದಲ್ಲಿ ಕಾಣುವ ದ್ರವವನ್ನು. ಅಕಸ್ಮಾತ್ ಬೆಲೂನು ಒಡೆದರೆ ರಕ್ತದೊಳಗೆ ಗಾಳಿ ನುಗ್ಗಬಾರದೆಂಬ ಎಚ್ಚರಿಕೆ ಅದು. ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡ ೨ರಿಂದ ೩ ವಾತಾವರಣದಷ್ಟಿರುತ್ತದೆ. ಈ ಬೆಲೂನಿನಲ್ಲಿ ಸಾಮಾನ್ಯವಾಗಿ ೬ರಿಂದ ೧೨. ಇಷ್ಟು ಒತ್ತಡ ಬಿದ್ದಾಗ ಒಳಗಿನ ಗಸಿಗೆ ಏನಾಯಿತು? ಡಾಟರನೂ ಗ್ರುಂಟ್ಸಿಗನೂ ತಿಳಿದದ್ದು, ಅರಳೆಯನ್ನು ಯಂತ್ರದಲ್ಲಿ ಒತ್ತಿ ಬೇಲು ಕಟ್ಟುವ ಹಾಗೆ, ಗಸಿ ಒತ್ತಿಕೊಂಡು ತೆಳ್ಳಗಾಗಿ ಗೋಡೆಗೆ ಅಂಟುತ್ತದೆ ಎಂದು. ಕೇಳಲು ಸರಿಯೆನ್ನಿಸುವ ಮಾತು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪ್ರತ್ಯಕ್ಷ ಕಂಡವರೇ ಇರಲಿಲ್ಲ.

ಏಕೆಂದರೆ ಕ್ಷಕಿರಣದ ಚಿತ್ರದಲ್ಲಿ ಕಾಣುವುದು ನಾಳವಲ್ಲ, ನಾಳದಲ್ಲಿ ಹರಿಯುವ ಬಣ್ಣದ್ರವದ ನೆರಳು. ಹೊಳೆಯ ನೀರಿನ ಅಗಲ ಕಾಣುತ್ತದೆ, ದಡದ ಮಣ್ಣು ಕಾಣುವುದಿಲ್ಲ. ಮೊದಲು ನೀರು ಸಣ್ಣಗಿತ್ತು, ಈಗ ದಪ್ಪವಾಯಿತು ಎಂದಷ್ಟೇ ಹೇಳಬಹುದು. ದಡ ಸವೆಯಿತೋ, ಕುಸಿಯಿತೋ, ಹಿಂದಕ್ಕೆ ಸರಿಯಿತೋ ಹೇಳಲಾಗದು.

ಕಾರ್ಖಾನೆಯಿಂದ ಆಸ್ಪತ್ರೆಗೆ ಬಂದ ಶಬ್ದ

ದಡವನ್ನು ತೋರಿಸಿದ ಶಬ್ದದ ಹುಟ್ಟನ್ನು ಗಿರಣಿಯವರಾದ ನೀವು ಕೇಳಲೇಬೇಕು. ೧೮೮೦ರಲ್ಲಿ ಫ್ರಾನ್ಸಿನ ಪಿಯರ್ ಮತ್ತು ಜಾಕ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದರು. ಅದೇ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಅದುರಿ ಶಬ್ದ ಹೊರಡಿಸುತ್ತದೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ೨೦,೦೦೦ ಅದುರುಗಳವರೆಗೆ. ಅದಕ್ಕೂ ಮೇಲಿನದು ಅಲ್ಟ್ರಾಸೌಂಡ್. ಎರಡನೆಯ ಮಹಾಯುದ್ಧದ ಹೊತ್ತಿಗೆ ಲೋಹದ ಒಳಗಿನ ಬಿರುಕನ್ನು ಹುಡುಕಲು ಈ ಶಬ್ದವನ್ನು ಬಳಸುವುದು ಕಾರ್ಖಾನೆಗಳಲ್ಲಿ ಶುರುವಾಯಿತು. ಗಟ್ಟಿ ಉಕ್ಕಿನೊಳಗೆ ಶಬ್ದ ನೇರವಾಗಿ ಹೋಗುತ್ತದೆ. ಬಿರುಕು ಸಿಕ್ಕಿದಲ್ಲಿ ಪ್ರತಿಧ್ವನಿ ಹಿಂದಕ್ಕೆ ಬರುತ್ತದೆ.

ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ೧೯೫೩ರಲ್ಲಿ ಮನುಷ್ಯನ ಹೃದಯದ ಪ್ರತಿಧ್ವನಿಯನ್ನು ದಾಖಲು ಮಾಡಿದರು. ಅವರಿಗೆ ಯಂತ್ರ ಸಿಕ್ಕಿದ್ದು ಆಸ್ಪತ್ರೆಯಲ್ಲಿ ಅಲ್ಲ, ಮಾಲ್ಮೋ ಬಂದರಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ. ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ೧೯೫೫ರ ಜುಲೈಯಲ್ಲಿ, ರೋಗಿಗಳಿಂದ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದ. ಬಾಯ್ಲರಿನ ಬೆಸುಗೆ ಪರೀಕ್ಷಿಸುವ ಯಂತ್ರವನ್ನು ಆ ಗಡ್ಡೆಗಳ ಮೇಲಿಟ್ಟು ನೋಡಿದ. ಹೋಲಿಕೆಗೆಂದು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡನ್ನು ತಂದುಕೊಟ್ಟಿದ್ದರು. ಇವತ್ತು ಬಸುರಿ ಹೆಂಗಸಿಗೆ ಮಾಡುವ ಸ್ಕ್ಯಾನು ಆ ಬಾಯ್ಲರ್ ಮನೆಯಿಂದ ಬಂದದ್ದು. ದುಡಿಯುವವರ ಉಪಕರಣವೇ ವೈದ್ಯರ ಕಣ್ಣಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಕಾಲಿನ ನಾಳವನ್ನು ಈ ಶಬ್ದದಿಂದ ಎರಡು ಬಗೆಯಲ್ಲಿ ನೋಡುತ್ತಾರೆ. ಒಂದು ಹೊರಗಿನಿಂದ. ಚರ್ಮದ ಮೇಲೆ ಲೋಳೆ ಸವರಿ ಯಂತ್ರದ ಮೂತಿಯನ್ನು ಇಡುತ್ತಾರೆ. ನಾಳದ ಚಿತ್ರವೂ ಬರುತ್ತದೆ, ರಕ್ತದ ವೇಗವೂ ತಿಳಿಯುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿ, ದೂರ ಹೋಗುವಾಗ ಇಳಿಯುವುದನ್ನು ನೀವು ಕೇಳಿದ್ದೀರಿ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ೧೮೪೨ರಲ್ಲಿ ಹೇಳಿದ ನಿಯಮವದು. ಓಡುವ ರಕ್ತಕಣಗಳಿಂದ ಬಂದ ಪ್ರತಿಧ್ವನಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೊಳೆ ಕಿರಿದಾದ ಕಡೆ ನೀರು ರಭಸವಾಗಿ ನುಗ್ಗುವಂತೆ, ನಾಳ ಕಿರಿದಾದ ಕಡೆ ರಕ್ತದ ವೇಗ ಏರುತ್ತದೆ. ವೇಗ ಅಳೆದರೆ ಕಿರಿದಾದ ಜಾಗ ಸಿಕ್ಕಿತು.

ಇನ್ನೊಂದು ಬಗೆ ಒಳಗಿನಿಂದ ನೋಡುವುದು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ನಿಕೋಲಾಸ್ ಬೋಮ್ ಎಂಬಾತ ೧೯೭೦ರ ದಶಕದ ಆರಂಭದಲ್ಲಿ ಶಬ್ದದ ಹರಳುಗಳನ್ನು ಸಣ್ಣ ಕೊಳವೆಯ ತುದಿಯಲ್ಲೇ ಕೂಡಿಸಿದ. ೧೯೮೦ರ ದಶಕದ ಕೊನೆಗೆ ಅದು ನಾಳದೊಳಗೆ ಹೋಗುವಷ್ಟು, ಸ್ಪಷ್ಟ ಚಿತ್ರ ಕೊಡುವಷ್ಟು ಪಳಗಿತು. ಸೆಕೆಂಡಿಗೆ ಸುಮಾರು ೩ ಕೋಟಿ ಅದುರುಗಳ ಶಬ್ದ ಅದು. ಅಷ್ಟು ಸೂಕ್ಷ್ಮ ಶಬ್ದ ಬಹುದೂರ ಹೋಗಲಾರದು. ಆದರೆ ನಾಳದ ಒಳಗೇ ಕುಳಿತು ನೋಡುವಾಗ ದೂರ ಹೋಗಬೇಕಾದ್ದಾದರೂ ಎಲ್ಲಿಗೆ?

ಒಳಗಿನಿಂದ ಕಂಡದ್ದು

ಬಾಳೆದಿಂಡನ್ನು ಅಡ್ಡಲಾಗಿ ಕೊಯ್ದು ಬಿಲ್ಲೆ ಮಾಡಿದರೆ ಸುತ್ತುಸುತ್ತು ಉಂಗುರಗಳು ಕಾಣುತ್ತವೆ. ನಾಳದೊಳಗಿನ ಅಲ್ಟ್ರಾಸೌಂಡ್ ಕೊಡುವ ಚಿತ್ರ ಅದೇ ತರಹದ್ದು. ಮನುಷ್ಯ ಬದುಕಿರುವಾಗಲೇ, ಕತ್ತಿ ಮುಟ್ಟಿಸದೆ, ನಾಳದ ಬಿಲ್ಲೆ ಕಣ್ಣಮುಂದೆ ಬರುತ್ತದೆ. ಸ್ನಾಯುಪದರ ಕಪ್ಪು ಉಂಗುರವಾಗಿ ಕಾಣುತ್ತದೆ, ಅದರ ಹೊರಗೆ ಬಿಳಿ ಉಂಗುರ. ಗಸಿ ಯಾವ ಮಗ್ಗುಲಲ್ಲಿ ಎಷ್ಟು ದಪ್ಪಗಿದೆ, ಮೆತ್ತಗಿದೆಯೋ ನಾರಾಗಿದೆಯೋ ತಿಳಿಯುತ್ತದೆ. ಸುಣ್ಣ ಕಟ್ಟಿದ ಜಾಗ ಬೆಳ್ಳಗೆ ಹೊಳೆದು, ಹಿಂದೆ ಕಪ್ಪು ನೆರಳು ಬೀಳುತ್ತದೆ. ಬೆಲೂನು ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಸಲ ನೋಡಿದರೆ ವ್ಯತ್ಯಾಸ ಅಳೆಯಬಹುದು.

ರಾಟರ್‌ಡ್ಯಾಮಿನ ಬಳಗ ತೊಡೆಯ ನಾಳದಲ್ಲಿ ಹೀಗೆ ಅಳೆದು ೧೯೯೨ರಲ್ಲಿ ಪ್ರಕಟಿಸಿತು. ಗಸಿ ಒತ್ತಿಕೊಂಡು ತೆಳ್ಳಗಾಗುವುದು ಅವರಿಗೆ ಕಾಣಲಿಲ್ಲ. ಗಸಿಯ ಗಾತ್ರ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇತ್ತು. ದಾರಿ ಅಗಲವಾದದ್ದು ಮುಖ್ಯವಾಗಿ ಇಡೀ ನಾಳವೇ ಹಿಗ್ಗಿದ್ದರಿಂದ. ಜೊತೆಗೆ ಗಸಿ ಬಿರಿದಿತ್ತು, ಒಳಪದರ ಸೀಳಿತ್ತು, ಕೆಲವು ಕಡೆ ಗಸಿ ಗೋಡೆಯಿಂದ ಬಿಟ್ಟುಕೊಂಡು ನಾಲಗೆಯಂತೆ ಜೋತುಬಿದ್ದಿತ್ತು. ೧೯೮೦ರಲ್ಲೇ ಅಮೆರಿಕದ ಮಿನ್ನೆಸೋಟದ ಕಸ್ತಾನೆಡಾ-ಜುನಿಗಾ ಮತ್ತು ಸಂಗಡಿಗರು ಪ್ರಯೋಗಗಳಿಂದ ಇದನ್ನೇ ಸೂಚಿಸಿದ್ದರು: ಬೆಲೂನು ಒತ್ತುವುದಿಲ್ಲ, ಹಿಗ್ಗಿಸುತ್ತದೆ, ಗೋಡೆಗೆ ಪೆಟ್ಟು ಮಾಡುತ್ತದೆ ಎಂದು. ಈಗ ಬದುಕಿರುವ ರೋಗಿಯ ಕಾಲಿನಲ್ಲಿ ಅದು ಕಣ್ಣಿಗೆ ಕಂಡಿತು.

ನಮ್ಮಲ್ಲಿ ಶಾಲೆ ಕಲಿಸಿದವರ ಚಾಳಿ ಬಿಡುವುದಿಲ್ಲ. ಸಣ್ಣದೊಂದು ಲೆಕ್ಕ ಮಾಡೋಣ. ನಾಳದ ಹೊರ ಅಡ್ಡಳತೆ ೬ ಮಿಲಿಮೀಟರು, ಒಳಗೆ ರಕ್ತಕ್ಕೆ ಉಳಿದ ದಾರಿ ೨ ಮಿಲಿಮೀಟರು ಎಂದಿಟ್ಟುಕೊಳ್ಳಿ. ವೃತ್ತದ ಕ್ಷೇತ್ರ ಅಡ್ಡಳತೆಯ ವರ್ಗಕ್ಕೆ ಸರಿಯಾಗಿ ಬೆಳೆಯುತ್ತದೆ. ೬ರ ವರ್ಗ ೩೬, ೨ರ ವರ್ಗ ೪; ಕಳೆದರೆ ೩೨. ಅದು ಗೋಡೆ ಮತ್ತು ಗಸಿಯ ಪಾಲು. ಬೆಲೂನಿನಿಂದ ದಾರಿ ೪ ಮಿಲಿಮೀಟರು ಆಯಿತು. ೪ರ ವರ್ಗ ೧೬. ಗಸಿ ಕರಗಲಿಲ್ಲ, ಒತ್ತಿಕೊಳ್ಳಲಿಲ್ಲ, ಹೊರಗೂ ಬರಲಿಲ್ಲ. ಆದಕಾರಣ ೩೨ಕ್ಕೆ ೧೬ ಕೂಡಿಸಿ, ೪೮. ಅದರ ವರ್ಗಮೂಲ ಸುಮಾರು ೬.೯. ಅಂದರೆ ೬ ಮಿಲಿಮೀಟರಿನ ನಾಳ ಸುಮಾರು ೭ ಮಿಲಿಮೀಟರಿಗೆ ಹಿಗ್ಗಬೇಕಾಯಿತು. ದಾರಿ ಎರಡರಷ್ಟಾದ್ದರಿಂದ, ಪ್ವಾಸಾಯ್ ನಿಯಮದಂತೆ ಆ ಜಾಗದಲ್ಲಿ ಹರಿವಿಗಿದ್ದ ತಡೆ ಹದಿನಾರರಲ್ಲಿ ಒಂದಕ್ಕೆ ಇಳಿಯಿತು. ಲಾಭ ಬಹಳ ದೊಡ್ಡದು. ಆದರೆ ಆ ಲಾಭಕ್ಕೆ ಬೆಲೆ ತೆತ್ತದ್ದು ನಾಳದ ಗೋಡೆ.

ಹಳೆಯ ಸೈಕಲ್ ಟ್ಯೂಬಿನ ಒಳಗೆ ಒಣಮಣ್ಣು ಮೆತ್ತಿದೆಯೆಂದು ಊಹಿಸಿ. ಒಳಗಿನಿಂದ ಜೋರಾಗಿ ಉಬ್ಬಿಸಿದರೆ ಮಣ್ಣು ಸವೆಯದು, ಬಿರುಕು ಬಿಡುತ್ತದೆ. ಬಿರುಕು ಬಿಟ್ಟಲ್ಲಿ ರಬ್ಬರು ಹಿಗ್ಗುತ್ತದೆ. ನಾಳದಲ್ಲಿ ನಡೆಯುವುದೂ ಇದೇ. ಗಸಿ ಒಂದೇ ಮಗ್ಗುಲಿಗಿದ್ದರೆ ಗಸಿಯಿಲ್ಲದ ಒಳ್ಳೆಯ ಗೋಡೆಯೇ ಹೆಚ್ಚು ಹಿಗ್ಗುತ್ತದೆ. ಸುಣ್ಣ ಕಟ್ಟಿದ್ದರೆ, ಗಟ್ಟಿಯೂ ಮೆದುವೂ ಸೇರುವ ಅಂಚಿನಲ್ಲಿ ಸೀಳು ಬೀಳುತ್ತದೆ.

ಹಾಗಾದರೆ ಬೆಲೂನು ಗಾಯ ಮಾಡುತ್ತದೆಯೇ? ಹೌದು, ಮಾಡುತ್ತದೆ. ಅದು ಅಪಾಯವೆಂದು ಹೆದರಬೇಕಾಗಿಲ್ಲ. ಬಿರಿಯದೆ ಹಿಗ್ಗುವಂತಿಲ್ಲ; ಹಿಗ್ಗದೆ ದಾರಿಯಿಲ್ಲ. ಸೀಳು ಮಿತಿಯಲ್ಲಿದ್ದರೆ ಅದೇ ಚಿಕಿತ್ಸೆ. ಮಿತಿ ಮೀರಿದರೆ ಜೋತ ಪದರ ರಕ್ತದ ದಾರಿಗೇ ಅಡ್ಡಬರುತ್ತದೆ. ಆಗ ವೈದ್ಯರು ಬೆಲೂನನ್ನು ಮತ್ತೆ ಕೆಲವು ನಿಮಿಷ ಹಿಗ್ಗಿಸಿ ಹಿಡಿಯುತ್ತಾರೆ, ಇಲ್ಲವೇ ಲೋಹದ ಜಾಲರಿಯ ಸ್ಟೆಂಟನ್ನು ಇಟ್ಟು ಗೋಡೆಗೆ ಆಸರೆ ಕೊಡುತ್ತಾರೆ. ಈ ಮಿತಿಯನ್ನು ನೋಡಿ ನಿರ್ಣಯಿಸುವುದಕ್ಕೆ ಒಳಗಿನ ಅಲ್ಟ್ರಾಸೌಂಡ್ ಸಹಾಯಕ. ಕ್ಷಕಿರಣದ ನೆರಳಿನಲ್ಲಿ ಕಾಣದ ಎಷ್ಟೋ ಸೀಳುಗಳು ಇದರಲ್ಲಿ ಕಾಣುತ್ತವೆ. ನಾಳದ ನಿಜವಾದ ಅಡ್ಡಳತೆ ತಿಳಿಯುವುದರಿಂದ ಸರಿಯಾದ ಅಳತೆಯ ಬೆಲೂನನ್ನು ಆರಿಸಬಹುದು. ಕೊರಿಯಾ ದೇಶದಲ್ಲಿ ತೊಡೆಯ ನಾಳದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಶಬ್ದಚಿತ್ರದ ಸಹಾಯದಿಂದಲೂ ಇನ್ನೊಂದಕ್ಕೆ ಬರೀ ಕ್ಷಕಿರಣದಿಂದಲೂ ಔಷಧ ಸವರಿದ ಬೆಲೂನು ಹಾಕಿದ ಪರೀಕ್ಷೆಯ ಫಲಿತಾಂಶ ೨೦೨೪ರಲ್ಲಿ ಹೊರಬಂತು. ಶಬ್ದಚಿತ್ರ ನೋಡಿ ಮಾಡಿದವರಲ್ಲಿ, ವರ್ಷದ ಕೊನೆಗೆ ನಾಳ ತೆರೆದೇ ಉಳಿದವರ ಪಾಲು ಹೆಚ್ಚಾಗಿತ್ತು.

ಮತ್ತೆ ಕಿರಿದಾಗುವುದೇಕೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಲೂನು ಮಾಡಿದ್ದು ಗಾಯವಾದರೆ, ದೇಹ ಮುಂದೆ ಮಾಡುವುದೇನು? ಗಾಯವನ್ನು ಮಾಯಿಸುತ್ತದೆ. ಕೈಗೆ ಕುಡುಗೋಲು ತಾಗಿದರೆ ಮಾಯುವಾಗ ಚರ್ಮ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ನಾಳದೊಳಗೂ ಹಾಗೆಯೇ. ಸ್ನಾಯುಪದರದ ಜೀವಕಣಗಳು ಬೆಳೆದು ಒಳಕ್ಕೆ ಬಂದು ಹೊಸ ಪದರ ಕಟ್ಟುತ್ತವೆ. ಹಿಗ್ಗಿದ್ದ ನಾಳ ನಿಧಾನವಾಗಿ ಕುಗ್ಗಿಕೊಳ್ಳುತ್ತದೆ. ಕೆಲವು ತಿಂಗಳ ಬಳಿಕ ಮತ್ತೆ ಶಬ್ದಚಿತ್ರ ತೆಗೆದು ನೋಡಿದ ಹಾಲೆಂಡಿನವರಿಗೆ ಈ ಎರಡು ಕಾರಣಗಳೂ ಕಂಡವು. ಆದಕಾರಣ ತೊಡೆಯ ನಾಳ ಬೆಲೂನಿನ ಆಮೇಲೆ ವರ್ಷದೊಳಗೇ ಮತ್ತೆ ಕಿರಿದಾಗುವುದು ಅಪರೂಪವಲ್ಲ. ಅಡಚಣೆ ಉದ್ದವಾಗಿದ್ದಷ್ಟೂ ಇದು ಹೆಚ್ಚು.

ಇದನ್ನು ತಡೆಯಲು ಎರಡು ಉಪಾಯ ಬಂದಿವೆ. ಒಂದು ಸ್ಟೆಂಟು. ಅದು ನಾಳವನ್ನು ಕುಗ್ಗಲು ಬಿಡುವುದಿಲ್ಲ. ಆದರೆ ಕಾಲು ಹೃದಯದಂತಲ್ಲ. ಕೂತರೆ, ಎದ್ದರೆ, ಮೆಟ್ಟಿಲು ಹತ್ತಿದರೆ ತೊಡೆಯ ನಾಳ ಬಾಗುತ್ತದೆ, ತಿರುಚುತ್ತದೆ, ಉದ್ದ ಗಿಡ್ಡವಾಗುತ್ತದೆ. ಒಳಗಿಟ್ಟ ಲೋಹ ಮುರಿದದ್ದೂ ಉಂಟು. ಎರಡನೆಯದು ಔಷಧ ಸವರಿದ ಬೆಲೂನು. ಅದರ ಮೇಲಿನ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಜೀವಕಣಗಳ ಅತಿಬೆಳವಣಿಗೆಯನ್ನು ತಡೆಯುತ್ತದೆ. ಅದನ್ನು ಮೊದಲು ಬೇರ್ಪಡಿಸಿದ್ದು ೧೯೬೦ರ ದಶಕದಲ್ಲಿ, ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ. ೨೦೧೮ರಲ್ಲಿ ಈ ಬೆಲೂನಿನಿಂದ ಸಾವು ಹೆಚ್ಚುತ್ತದೆಯೋ ಎಂಬ ಸಂಶಯವನ್ನು ಒಂದು ಲೇಖನ ಎತ್ತಿತು. ಮುಂದೆ ಹೆಚ್ಚಿನ ರೋಗಿಗಳ ಲೆಕ್ಕ ತೆಗೆದು ನೋಡಿದ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಆ ಸಂಶಯಕ್ಕೆ ಆಧಾರ ಸಿಗಲಿಲ್ಲವೆಂದು ೨೦೨೩ರಲ್ಲಿ ಹೇಳಿತು. ಸಂಶಯ ಎತ್ತಿದ್ದೂ ಸರಿ, ಲೆಕ್ಕ ತೆಗೆದದ್ದೂ ಸರಿ.

ನಾವು ಮಾಡತಕ್ಕದ್ದು

ಇಷ್ಟೆಲ್ಲ ಕೇಳಿದ ಮೇಲೆ ಮನೆಗೆ ಒಯ್ಯಬೇಕಾದದ್ದು ಏನು?

ಮೊದಲನೆಯದು, ಗಸಿ ನಿಮ್ಮೊಳಗೇ ಇದೆ. ಬೆಲೂನು ಅದನ್ನು ತೆಗೆಯಲಿಲ್ಲ, ಪಕ್ಕಕ್ಕೆ ಸರಿಸಿತು ಅಷ್ಟೇ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಬೀಡಿ ಹಚ್ಚುವವನು ಅದೇ ಗಸಿಗೆ ಮತ್ತೆ ಕೂಳು ಹಾಕುತ್ತಾನೆ. ಬೀಡಿಯ ವಿಷಯ ನಮಗೆ ಹತ್ತಿರದ್ದು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಬೆಳೆಯುತ್ತದೆ. ಮಂಗಳೂರು ಕಡೆ ಸಾವಿರಾರು ಹೆಣ್ಣುಮಕ್ಕಳು ಬೀಡಿ ಸುತ್ತಿ ಸಂಸಾರ ಸಾಗಿಸಿದ್ದಾರೆ. ಆ ಕೂಲಿಯವರ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಬೀಡಿ ಕಾಲನ್ನು ತಿನ್ನುತ್ತದೆ ಎಂಬ ಸತ್ಯವನ್ನು ಮುಚ್ಚಿಡಲಾಗದು. ಲಿಯೋ ಬರ್ಗರ್ ಎಂಬ ವೈದ್ಯ ೧೯೦೮ರಲ್ಲಿ ವಿವರಿಸಿದ ಇನ್ನೊಂದು ರೋಗವಿದೆ. ಅದು ತಂಬಾಕು ಸೇದುವ ಎಳೆಯ ವಯಸ್ಸಿನವರ ಕೈಕಾಲಿನ ಸಣ್ಣ ನಾಳಗಳನ್ನೇ ಮುಚ್ಚುತ್ತದೆ. ನಮ್ಮ ದೇಶದ ಬೀಡಿ ಸೇದುವವರಲ್ಲಿ ಅದು ಉಂಟು. ಅದಕ್ಕೆ ಬೆಲೂನಿಗಿಂತ ದೊಡ್ಡ ಮದ್ದು ತಂಬಾಕನ್ನು ಪೂರ್ತಿ ಬಿಡುವುದು. ದಿನಕ್ಕೆ ಒಂದೇ ಎಂಬ ರಾಜಿ ಅಲ್ಲಿ ನಡೆಯದು.

ಎರಡನೆಯದು, ನಡೆದಾಗ ಮಾತ್ರ ಕಾಲು ಹಿಡಿಯುತ್ತಿದ್ದರೆ ಎಲ್ಲರಿಗೂ ಬೆಲೂನು ಬೇಕಾಗಿಲ್ಲ. ನೋವು ಬರುವತನಕ ನಡೆ, ನಿಲ್ಲು, ಇಳಿದ ಮೇಲೆ ಮತ್ತೆ ನಡೆ. ಹೀಗೆ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ, ವಾರದಲ್ಲಿ ಮೂರು ದಿನಕ್ಕೆ ಕಡಿಮೆಯಿಲ್ಲದೆ, ಮೂರು ತಿಂಗಳು ಮಾಡಿದವರ ನಡಿಗೆಯ ದೂರ ಬೆಳೆಯುತ್ತದೆ. ಜೊತೆಗೆ ವೈದ್ಯರು ಕೊಡುವ ಕೊಬ್ಬಿನ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ತಪ್ಪಿಸಕೂಡದು. ಮಲಗಿದಾಗ ನೋವು, ಮಾಯದ ಹುಣ್ಣು, ಕಪ್ಪಾದ ಬೆರಳು ಇದ್ದವರ ಮಾತು ಬೇರೆ. ಅವರು ಕಾಯಬಾರದು. ಕಾಲು ಉಳಿಸಲು ಅಲ್ಲಿ ಬೆಲೂನೋ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ. ಇನ್ನು ಕಾಲು ಇದ್ದಕ್ಕಿದ್ದಂತೆ ತಣ್ಣಗೆ, ಬೆಳ್ಳಗೆ ಆಗಿ, ಜೋಮು ಹಿಡಿದು ಸಹಿಸಲಾರದಷ್ಟು ನೋವಾದರೆ ಅದು ಗಂಟೆಗಳ ಲೆಕ್ಕ. ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಬೇಕು.

ಮೂರನೆಯದು, ಪರೀಕ್ಷೆ. ಪಾದದ ಮೇಲ್ಭಾಗದಲ್ಲಿ, ಒಳಗಣ್ಣಿನ ಹಿಂದೆ, ಬೆರಳಿಟ್ಟು ಬಡಿತ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೆಲವು ಆರೋಗ್ಯವಂತರಿಗೂ ಪಾದದ ಮೇಲಿನ ಬಡಿತ ಸಿಗದಿರಬಹುದು. ಅಷ್ಟಕ್ಕೇ ಗಾಬರಿ ಬೇಡ, ವೈದ್ಯರಿಗೆ ತೋರಿಸಿ. ಅವರು ತೋಳಿನಲ್ಲೂ ಕಣಕಾಲಿನಲ್ಲೂ ರಕ್ತದೊತ್ತಡ ನೋಡಿ ಒಂದರಿಂದ ಇನ್ನೊಂದನ್ನು ಭಾಗಿಸುತ್ತಾರೆ. ಕಾಲಿನದು ತೋಳಿನದರ ೦.೯ ಪಾಲು ಅಥವಾ ಅದಕ್ಕಿಂತ ಕಡಿಮೆಯಾದರೆ ನಾಳದಲ್ಲಿ ರೋಗವಿದೆ. ಇದಕ್ಕೆ ಬೇಕಾದದ್ದು ಒತ್ತಡದ ಪಟ್ಟಿ ಮತ್ತು ಅಂಗೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್. ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣ ಕಟ್ಟಿ ಈ ಲೆಕ್ಕ ಸುಳ್ಳಾಗುವುದುಂಟು, ಪಾದದ ಸ್ಪರ್ಶ ಸತ್ತು ನೋವೇ ತಿಳಿಯದಿರುವುದೂ ಉಂಟು. ಅವರು ದಿನವೂ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾರದವರ ಅಂಗಾಲನ್ನು ಮನೆಯವರು ನೋಡಲಿ.

ನಾಲ್ಕನೆಯದು, ಕೇಳುವುದು. ಬೆಲೂನು ಬೇಕೆಂದು ಹೇಳಿದಾಗ ಕೇಳಿ: ನನ್ನದು ಬರೀ ನಡಿಗೆಯ ನೋವೋ, ಕಾಲು ಹೋಗುವ ಅಪಾಯವೋ? ಅಡಚಣೆ ಎಷ್ಟುದ್ದ, ಯಾವ ಜಾಗದಲ್ಲಿ? ನಡಿಗೆ ಮತ್ತು ಮಾತ್ರೆಯಿಂದ ನೋಡಿ ಆಯಿತೇ? ಆಮೇಲೆ ಯಾವಾಗ ಬಂದು ಸ್ಕ್ಯಾನು ಮಾಡಿಸಬೇಕು? ಹೀಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಇ.ಎಸ್.ಐ. ಚೀಟಿ ಇದ್ದವರು ಮೊದಲು ಅಲ್ಲಿ ವಿಚಾರಿಸಿ. ಸರ್ಕಾರದ ಜಯದೇವ ಸಂಸ್ಥೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ. ಸಾಲ ಮಾಡುವ ಮೊದಲು ಈ ಬಾಗಿಲುಗಳನ್ನು ತಟ್ಟಬೇಕು.

ಬೆಲೆಯ ವಿಷಯ ಒಂದು ಮಾತು. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಔಷಧ ಸವರಿದ ಸ್ಟೆಂಟಿಗೆ ಆಗ ನಿಗದಿಯಾದದ್ದು ೨೯,೬೦೦ ರೂಪಾಯಿ, ತೆರಿಗೆ ಬೇರೆ. ಆ ಆಜ್ಞೆ ಹೃದಯದ ಸ್ಟೆಂಟಿಗೆ. ಕಾಲಿನ ಬೆಲೂನಿಗೂ ಅಲ್ಲ, ಒಳಗಿನ ಶಬ್ದಕೊಳವೆಗೂ ಅಲ್ಲ. ಕಾಲು ಹೃದಯಕ್ಕಿಂತ ಅಗ್ಗದ ಅಂಗವೆಂದು ನಿಂತು ದುಡಿಯುವವರು ಒಪ್ಪುವಂತಿಲ್ಲ. ಹಡಗಿನ ಕಾರ್ಖಾನೆಯಲ್ಲಿ, ಬಾಯ್ಲರ್ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ ವಿದ್ಯೆ ಇದು. ಅದು ಕಾಲಿನಿಂದ ದುಡಿಯುವವರ ಕಾಲಿಗೆ ತಲಪಬೇಕೆಂದು ಕೇಳುವ ಹಕ್ಕು ನಮಗಿದೆ.

ಆದರೆ ಬೇಡಿಕೆ ಈಡೇರುವತನಕ ಕಾಲು ಕಾಯುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಬಾರದು. ಮುಂದಿನ ವಾರದ ಕೂಟಕ್ಕೆ ಬರುವವರು ಒಂದು ಕೆಲಸ ಮಾಡಿಕೊಂಡು ಬನ್ನಿ: ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರ ಅಂಗಾಲನ್ನು ದೀಪ ಹಿಡಿದು ನೋಡಿ ಬನ್ನಿ. ಜೇಬಿನಲ್ಲಿ ಬೀಡಿ ಕಟ್ಟು ಇರುವವರಿಗೆ ಬೇರೆ ಹೇಳಬೇಕಾದದ್ದಿಲ್ಲ.